ಮೆಮೊರಿಗೆ ಕುಂಕುಮ

ಯಶೋಧಾ ಹುರುಳಿಕಾಯಿಯ ಬುಟ್ಟಿಯನ್ನು ಮುಂದೆ ತಂದಿಟ್ಟದ್ದೇ ತಡ, ನಾಗೇಂದ್ರನಿಗೆ ಕಂಪ್ಯೂಟರ್‌ನಲ್ಲಿ ಕೆಲಸ ನೆನಪಾಯಿತು.

“ಅರ್ಧ ಗಂಟೆ ಬಿಡು, ಸಿಸ್ಟಮ್‌ನಲ್ಲಿ ಕೆಲಸ ಇದೆ,” ಎಂದು ಪಂಚೆ ಕೊಡವಿಕೊಂಡು ಎದ್ದ.

ಒಂಟಿಕೊಪ್ಪಲಿನ ಆ ಬಾಡಿಗೆ ಮನೆಯ ಹಾಲ್‌ನಲ್ಲಿ ಕಿಟಕಿ ಪಕ್ಕದ ಮೂಲೆ ಅವನದು. ನೆತ್ತಿಯ ಮೇಲೆ ಫ್ಯಾನು, ಬೆನ್ನಿಗೆ ದಿಂಬು, ಎದುರಿಗೆ ಮಗಳು ಸುಮಾ ಒಂದನೇ ಕ್ಲಾಸಿನಲ್ಲಿದ್ದಾಗ ಕೊಂಡ ಕಂಪ್ಯೂಟರು. ಸುಮಾ ಈಗ ಕಾಲೇಜಿನಲ್ಲಿದ್ದಾಳೆ. ಗ್ಯಾಸ್ ಸಿಲಿಂಡರ್ ಬಂದಾಗ, ಶಾಲೆಯಲ್ಲಿ ಪೋಷಕರ ಸಭೆ ಇದ್ದಾಗ, ಅತ್ತೆ ಮಂಚಮ್ಮ ಊರಿಂದ ರಾಗಿ ಮೂಟೆ ಹೊತ್ತು ಬಂದು ಬಾಗಿಲಲ್ಲಿ ನಿಂತಾಗ, ಎಲ್ಲಾ ಸಂಕಟಕಾಲದಲ್ಲೂ ನಾಗೇಂದ್ರನನ್ನು ಆ ಮೂಲೆ ತಾಯಿಯ ಸೆರಗಿನ ಹಾಗೆ ಮುಚ್ಚಿಟ್ಟುಕೊಂಡಿತ್ತು. ಆಫೀಸಿನಲ್ಲೇ ಕೆಲಸ ಮಾಡದ ಮನುಷ್ಯನಿಗೆ ಮನೆಯಲ್ಲಿ ಅದೇನು ಆಫೀಸಿನ ಕೆಲಸ ಎಂದು ಯಾರೂ ಕೇಳಿರಲಿಲ್ಲ. ಅದು ಇಸ್ಪೀಟಾಟ. ಕಂಪ್ಯೂಟರು ಎಲೆ ಹಾಕುತ್ತಿತ್ತು, ನಾಗೇಂದ್ರ ಜೋಡಿಸುತ್ತಿದ್ದ.

ಅವನು ಗುಂಡಿ ಒತ್ತಿದ. ಪರದೆ ಬೆಳಗಲಿಲ್ಲ. ಬದಲಿಗೆ ಡಬ್ಬದ ಹೊಟ್ಟೆಯೊಳಗಿಂದ ಬಾಲ ತುಳಿಸಿಕೊಂಡ ಬೆಕ್ಕಿನ ಹಾಗೆ “ಕೀಂ... ಕೀಂ... ಕೀಂ...” ಎಂದು ಕೂಗು ಬಂತು. ಮತ್ತೆ ಒತ್ತಿದ. ಮತ್ತೆ ಅದೇ.

“ಮೆಮೊರಿ ಹೋಗಿದೆ ಅಪ್ಪ,” ಎಂದಳು ಸುಮಾ ಫೋನಿನಿಂದ ತಲೆ ಎತ್ತದೆ. “ಉದ್ದಕ್ಕೆ ಕೂಗಿದ್ರೆ ಮೆಮೊರಿ ಅಂತೆ.”

ಯಶೋಧಾ ಅಡಿಗೆಮನೆಯಿಂದ ಹೊರಗೆ ಬಂದಳು. ಕೈಯಲ್ಲಿ ಸೌಟು, ಮುಖದಲ್ಲಿ ಬಹಳ ದಿನದಿಂದ ಕಾದಿಟ್ಟ ಶಾಂತಿ. “ರೀ, ಹೋದ ತಿಂಗಳಿಂದ ಅದು ಹಿಂಗೇ ಆಡ್ತಿದೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಅದು ಆನ್ ಆಗಿರ್ಬೇಕು. ಇಲ್ಲಾಂದ್ರೆ ಗುಜರಿಯವನನ್ನ ಕರೀತೀನಿ. ಆ ಜಾಗ ನಂಗೆ ಬೇಕು.”

ನಾಗೇಂದ್ರ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮೂಲೆ ಹೋದರೆ ಉಳಿಯುವುದು ಹುರುಳಿಕಾಯಿ. ಹುರುಳಿಕಾಯಿಯ ಹಿಂದೆ ಒಗೆದ ಬಟ್ಟೆ, ಅದರ ಹಿಂದೆ ಮಂಚಮ್ಮನ ಮಂಡಿನೋವಿಗೆ ಎಣ್ಣೆ ನೀವುವುದು.

ಕೂಗು ಕೇಳಿ ಪಕ್ಕದ ಮನೆಯ ರಾಬರ್ಟ್ ಕಾಂಪೌಂಡ್ ಮೇಲಿಂದಲೇ ಇಣುಕಿದ. ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಪ್ರಪಂಚದ ಎಲ್ಲಾ ಯಂತ್ರಗಳೂ ಒಂದೇ ತಾಯಿ ಮಕ್ಕಳು ಎಂಬುದು ಅವನ ಸಿದ್ಧಾಂತ. “ಬಂದ್ಬುಟ್ಟೆ ಇರಿ ನಾಗೇಂದ್ರ!” ಎಂದವನು ನಿಜಕ್ಕೂ ಸ್ಕ್ರೂಡ್ರೈವರ್ ಹಿಡಿದು ಬಂದ. ಕೊರಳಲ್ಲಿ ಹೆಂಡತಿ ಜೆನ್ನಿಯ ಅಳತೆ ಟೇಪು ನೇತಾಡುತ್ತಿತ್ತು. ಜೆನ್ನಿ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ.

ಬಂದವನೇ ರಾಬರ್ಟ್ ಮೊದಲು ಮಾನಿಟರ್ ಅಳೆದ. ಆಮೇಲೆ ಡಬ್ಬದ ಎತ್ತರ ಅಳೆದ. ಮೇಜನ್ನೂ ಅಳೆದ.

“ಇದ್ಯಾಕೆ?” ಎಂದ ನಾಗೇಂದ್ರ.

“ಕಾಯಿಲೆ ನೋಡೋ ಮುಂಚೆ ಡಾಕ್ಟ್ರು ತೂಕ ನೋಡಲ್ವಾ? ಹಂಗೇ ಕಣ್ರೀ.”

ನಾಗೇಂದ್ರನಿಗೆ ಕಣ್ಣು ತೇವವಾಯಿತು. ಈ ಕಾಲದಲ್ಲಿ ಇಂಥ ನೆರೆಯವರು ಎಲ್ಲಿ ಸಿಗುತ್ತಾರೆ?

ಡಬ್ಬ ಬಿಚ್ಚಿದರು. ಒಳಗೆ ಒಂದು ಹಾಸಿಗೆಗೆ ಆಗುವಷ್ಟು ಧೂಳು, ಹಲ್ಲಿಯ ಒಡೆದ ಮೊಟ್ಟೆ, ಸುಮಾಳ ಹಳೆಯ ಹೇರ್‌ಪಿನ್ನು. ಯಶೋಧಾ ದೂರದಿಂದಲೇ ನೋಡಿ, “ನಮ್ಮ ಮನೇಲಿ ನಾನು ಗುಡಿಸದೆ ಇರೋ ಜಾಗ ಅದೊಂದೇ,” ಎಂದಳು.

ಧೂಳಿನ ನಡುವೆ ಬಾಚಣಿಗೆಯಂತಹ ಎರಡು ಹಸಿರು ಪಟ್ಟಿಗಳು ಅಕ್ಕಪಕ್ಕ ನಿಂತಿದ್ದವು. ಅಂಚಿನಲ್ಲಿ ಚಿನ್ನದ ಬಣ್ಣದ ಹಲ್ಲು. ಅವೇ ಮೆಮೊರಿ. “ಎರಡರಲ್ಲಿ ಒಂದು ಕಳ್ಳ,” ಎಂದ ರಾಬರ್ಟ್. “ಒಂದೊಂದೇ ಹಾಕಿ ನೋಡಾಣ.”

ಮೊದಲನೆಯದನ್ನು ಹಾಕಿದಾಗ ಬೆಕ್ಕು ಕೂಗಿತು. ಅದನ್ನು ಕಿತ್ತು ಎರಡನೆಯದನ್ನು ಹಾಕಿದರು. “ಟಿಕ್” ಎಂದು ಒಂದೇ ಸಣ್ಣ ಸದ್ದು, ಪರದೆ ಬೆಳಗಿತು! ನಾಗೇಂದ್ರ ರಾಬರ್ಟನನ್ನು ಅಪ್ಪಿಕೊಂಡ. ರಾಬರ್ಟ್ ಅವನಿಗಿಂತ ಹೆಚ್ಚು ಖುಷಿಯಾಗಿದ್ದ.

ಖುಷಿಯಲ್ಲಿ ಬುದ್ಧಿ ಮಂಕಾಗುತ್ತದೆ. ಒಂದರಲ್ಲೇ ಓಡಿಸಿದರೆ ಎತ್ತು ಸತ್ತ ಗಾಡಿಯ ಹಾಗೆ ನಿಧಾನವಾಗುತ್ತದೆ, ಜೊತೆಗೊಂದು ಕೊಂಡು ಹಾಕೋಣ ಎಂದು ನಾಗೇಂದ್ರ ಒಳಗಿದ್ದುದನ್ನೂ ಹೊರತೆಗೆದು ಎರಡರ ಫೋಟೋ ತೆಗೆದುಕೊಂಡ. ಎರಡೂ ಅವಳಿ ಮಕ್ಕಳಂತಿದ್ದವು. ಗುರುತು ತಪ್ಪಬಾರದೆಂದು ದೇವರ ಗೂಡಿನಿಂದ ಕುಂಕುಮ ತಂದು ಒಳ್ಳೆಯದರ ಹೊಟ್ಟೆಯ ಮೇಲೆ ಒಂದು ಬೊಟ್ಟಿಟ್ಟು, ಎರಡನ್ನೂ ಸ್ಟೀಲ್ ತಟ್ಟೆಯಲ್ಲಿಟ್ಟ. ಸ್ಕೂಟರ್ ಹತ್ತಿ ಲಷ್ಕರ್ ಮೊಹಲ್ಲಾಕ್ಕೆ ಹೊರಟ. ರಾಬರ್ಟ್ ಊಟಕ್ಕೆ ಹೋದ.

ಭಾನುವಾರ ತೆರೆದಿದ್ದ ಒಂದೇ ಒಂದು ಅಂಗಡಿಯವನು ಫೋಟೋ ನೋಡಿ ಕೈ ಮುಗಿದ. “ಸಾರ್, ಇದು ಇಡೀ ಮೈಸೂರಲ್ಲಿ ಸಿಗಲ್ಲ. ನಿಮ್ಮತ್ರ ಒಂದು ಓಡೋದು ಇದೆಯಾ? ಹಂಗಾದ್ರೆ ಅದನ್ನ ಹುಷಾರಾಗಿ ನೋಡ್ಕೊಳ್ಳಿ.”

ಇಡೀ ಊರಿಗೆ ಒಂದೇ! ನಾಗೇಂದ್ರ ಮನೆಯ ಕಡೆ ಹಾರಿದ.

ಮನೆಯಲ್ಲಿ ಮಹಡಿಯ ಮಂಜುಳಮ್ಮ ಕೂತಿದ್ದರು. ಕರಿಬೇವು ಕೇಳಲು ಇಳಿದು ಬಂದವರು ಅಷ್ಟು ಬೇಗ ಹತ್ತುವ ಪದ್ಧತಿ ಇಟ್ಟುಕೊಂಡಿರಲಿಲ್ಲ. ಅವರ ಮುಂದೆ ಸ್ಟೀಲ್ ತಟ್ಟೆ. ತಟ್ಟೆಯಲ್ಲಿ ಎರಡು ಮೆಮೊರಿಗಳು, ಎರಡರ ಹೊಟ್ಟೆಗೂ ಬೊಟ್ಟು, ಚಿನ್ನದ ಅಂಚಿನುದ್ದಕ್ಕೆ ಅರಿಶಿನ, ಕುಂಕುಮ, ಮೇಲೆ ನಾಲ್ಕು ಅಕ್ಷತೆ, ಒಂದೊಂದು ಕನಕಾಂಬರ.

“ಏನ್ರೀ ಇದು!” ಎಂದು ನಾಗೇಂದ್ರ ಕೂಗಿದ.

“ನೀವು ಮಾಡಿದ್ದೇನ್ರೀ ಅದು?” ಎಂದು ಮಂಜುಳಮ್ಮ ಅವನನ್ನೇ ತರಾಟೆಗೆ ತೆಗೆದುಕೊಂಡರು. “ಜೋಡೀಲಿ ಒಂದಕ್ಕೆ ಕುಂಕುಮ ಇಟ್ಟು, ಇನ್ನೊಂದನ್ನ ಬೋಳು ಹಣೇಲಿ ಬಿಡೋದಾ? ಮುತ್ತೈದೆ ಇರೋ ಮನೆ ಕಣಪ್ಪ ಇದು! ನೋಡಿ ಕರುಳು ಚುರುಕ್ ಅಂತು. ಎರಡಕ್ಕೂ ಇಟ್ಟು, ತೀರ್ಥ ಪ್ರೋಕ್ಷಣೆ ಮಾಡಿದೀನಿ. ಇನ್ನು ಕೆಡಲ್ಲ ಬಿಡಿ.”

“ತೀರ್ಥ?”

“ಆ ಡಬ್ಬಕ್ಕೂ ಎರಡು ಹನಿ. ಹಂಗೇ ಚಿಟಿಕೆ ಕುಂಕುಮ.”

ನಾಗೇಂದ್ರ ಡಬ್ಬದೊಳಗೆ ಇಣುಕಿದ. ಮೆಮೊರಿ ಕೂರುವ ಸೀಳುಗಳೆರಡೂ ಹೊಸ ಸೊಸೆಯ ಬೈತಲೆಯ ಹಾಗೆ ಕೆಂಪಗಿದ್ದವು. ತಟ್ಟೆ ನೋಡಿದ. ಯಾವುದು ಸಾಧು, ಯಾವುದು ಕಳ್ಳ? ದೇವರ ದೃಷ್ಟಿಯಲ್ಲಿ ಈಗ ಇಬ್ಬರೂ ಸಮಾನರು.

ಒಂದನ್ನು ಹಾಕಿದ. ಕೀಂ. ಇನ್ನೊಂದನ್ನು ಹಾಕಿದ. ಕೀಂ.

“ಮಂಗಳವಾದ್ಯ ಆಯ್ತಲ್ಲ,” ಎಂದಳು ಸುಮಾ.

ರಾಬರ್ಟ್ ಊಟ ಮುಗಿಸಿ ಬಂದವನು ನೋಡಿ ನೆಲಕ್ಕೆ ಕುಕ್ಕರಿಸಿದ. ಆದರೆ ಬಿಡಲಿಲ್ಲ. ಸುಮಾಳ ರಬ್ಬರ್ ತೆಗೆದುಕೊಂಡು ಚಿನ್ನದ ಹಲ್ಲುಗಳನ್ನು ಒಂದೊಂದಾಗಿ ಉಜ್ಜಿದ. ಸೀಳಿಗೆ ಇಳಿದ ಕುಂಕುಮವನ್ನು ತೆಗೆಯಲು ಹಲ್ಲುಜ್ಜುವ ಬ್ರಷ್ಷು ಬೇಕಾಯಿತು. ಮನೆಯಲ್ಲಿ ಮೂರು ಬ್ರಷ್ಷಿದ್ದರೂ ಯಶೋಧಾ ತಂದುಕೊಟ್ಟದ್ದು ನಾಗೇಂದ್ರನದನ್ನೇ. ನೀರಾರಿಸಲು ಸುಮಾಳ ಕೂದಲೊಣಗಿಸುವ ಯಂತ್ರ ಬಂತು. ಅದರ ಬಿಸಿಗಾಳಿಗೆ ಡಬ್ಬದ ಧೂಳು, ಕುಂಕುಮ ಒಟ್ಟಿಗೆ ಎದ್ದು ನಾಗೇಂದ್ರನ ಮುಖಕ್ಕೆ ಅಪ್ಪಳಿಸಿತು. ಅವನು ಈಗ ಹೋಳಿ ಹುಣ್ಣಿಮೆಯಲ್ಲಿ ಸಿಕ್ಕಿಬಿದ್ದ ಗುಮಾಸ್ತನಂತಿದ್ದ.

ಕಿಟಕಿಯಾಚೆ ಬಿಸಿಲು ಕೆಂಪಾಯಿತು. ಯಶೋಧಾ ದೀಪದ ಬತ್ತಿ ಹೊಸೆಯುತ್ತಿದ್ದಳು.

ಒಂದು ಪಟ್ಟಿ ಹಾಕಿದರು. ಕೀಂ. ತೆಗೆದು ಇನ್ನೊಂದನ್ನು ಒತ್ತಿ ಕೂರಿಸಿದರು.

ಟಿಕ್.

ಪರದೆ ಬೆಳಗಿತು. “ನೋಡಿದ್ರಾ ತೀರ್ಥದ ಮಹಿಮೆ!” ಎಂದರು ಮಂಜುಳಮ್ಮ. ನಾಗೇಂದ್ರ ಕುರ್ಚಿಯಲ್ಲಿ ಕುಸಿದ. ವರ್ಷಗಳ ಅಭ್ಯಾಸದಿಂದ ಅವನ ಬೆರಳು ತಾನಾಗಿ ಎರಡು ಸಲ ಕ್ಲಿಕ್ಕಿಸಿತು. ಹಸಿರು ಪರದೆ, ಅದರ ಮೇಲೆ ಪ್ರಶ್ನೆ: ಅರ್ಧಕ್ಕೆ ಬಿಟ್ಟ ಆಟ ಮುಂದುವರಿಸುವುದೇ?

“ಆಫೀಸಿನ ಫೈಲು ಬಣ್ಣ ಬಣ್ಣವಾಗಿದೆ,” ಎಂದ ರಾಬರ್ಟ್.

ನಾಗೇಂದ್ರ ಹೆಂಡತಿಯ ಮುಖ ನೋಡಲಾರದೆ ನೋಡಿದ. ಅವಳು ಸಿಟ್ಟಾಗಿರಲಿಲ್ಲ, ನಗುತ್ತಿದ್ದಳು. ಅದೇ ಅವನಿಗೆ ಹೆದರಿಕೆ ಹುಟ್ಟಿಸಿತು.

“ಆನ್ ಆಯ್ತಲ್ಲ, ಇನ್ನು ಗುಜರಿಗೆ ಹಾಕಂಗಿಲ್ಲ,” ಎಂದ ಅವನು ತೊದಲುತ್ತಾ.

“ಛೆ ಛೆ, ಗುಜರಿಗ್ಯಾಕೆ?” ಎಂದು ಯಶೋಧಾ ಬಾಗಿಲ ಕಡೆ ತಿರುಗಿ ಕೂಗಿದಳು. “ಜೆನ್ನೀ, ಆಯ್ತು ಕಣೇ, ತಗೊಂಬಾ!”

ಗೇಟು ಕಿರುಗುಟ್ಟಿತು. ಜೆನ್ನಿ ಮುಂದೆ, ಹಿಂದೆ ತಳ್ಳುಗಾಡಿ. ಗಾಡಿಯ ಮೇಲೆ ಕಾಲಿನಿಂದ ತುಳಿಯುವ ಹೊಲಿಗೆ ಮಷೀನು.

“ಜೆನ್ನಿಗೆ ರವಿಕೆ ಡಿಸೈನ್ ನೋಡೋಕೆ ದೊಡ್ಡ ಪರದೆ ಬೇಕಂತೆ. ಅವಳು ಕರೆಂಟ್ ಮಷೀನ್ ತಗೊಂಡ್ಲು, ಹಳೇದು ನಂಗೆ ಕೊಡ್ತೀನಿ ಅಂದ್ಲು,” ಎಂದಳು ಯಶೋಧಾ. “ಆದ್ರೆ ಕೂಗೋ ಡಬ್ಬಕ್ಕೆ ಯಾರು ಹೊಲಿಗೆ ಮಷೀನು ಕೊಡ್ತಾರೆ ಹೇಳಿ? ಆನ್ ಆದ್ರೆ ಮಾತ್ರ ಅಂದಿದ್ಲು.”

“ಆನ್ ಆಗ್ದೆ ಇದ್ರೆ ಗುಜರಿಗೆ ಅಂದಿದ್ದೆ ನೀನು!”

“ಆನ್ ಆದ್ರೆ ಏನು ಅಂತ ನೀವು ಕೇಳಲೇ ಇಲ್ವಲ್ಲ.”

ನಾಗೇಂದ್ರ ರಾಬರ್ಟನ ಕಡೆ ನೋಡಿದ. ರಾಬರ್ಟ್ ಕೊರಳಿನ ಟೇಪನ್ನು ಮಡಚಿ ಜೇಬಿಗೆ ಸೇರಿಸುತ್ತಾ, “ನಮ್ಮ ಮೇಜಿಗೆ ಸರಿಯಾಗಿ ಕೂರುತ್ತೆ ಕಣ್ರೀ,” ಎಂದು ವಿನಯದಿಂದ ಹೇಳಿದ.

ದೀಪ ಹಚ್ಚುವ ಹೊತ್ತಿಗೆ ಮೂಲೆಯಲ್ಲಿ ಮಷೀನು ಕೂತಿತ್ತು. ನೆತ್ತಿಯ ಮೇಲೆ ಫ್ಯಾನು, ಬೆನ್ನಿಗೆ ದಿಂಬು, ನಡುವೆ ಯಶೋಧಾ. ಕೆಟ್ಟ ಮೆಮೊರಿಯನ್ನು ಮಂಜುಳಮ್ಮ ಕನಕಾಂಬರದ ಸಮೇತ ದೇವರ ಗೂಡಿನಲ್ಲಿ ಇಟ್ಟುಹೋಗಿದ್ದರು. ಕಳ್ಳನಿಗಾದರೂ ಒಂದು ಜಾಗ ಸಿಕ್ಕಿತ್ತು.

ನಾಗೇಂದ್ರ ಮುಖ ತೊಳೆದು ಬಂದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಹಾಲ್‌ನ ನಡುವೆ ನಿಂತ. “ಒಂದು ಲೋಟ ಕಾಫಿ...” ಎಂದ.

ಯಶೋಧಾ ತಲೆ ಎತ್ತಲಿಲ್ಲ. ಮಷೀನಿನ ಚಕ್ರ ಗಿರಗಿರನೆ ತಿರುಗುತ್ತಿತ್ತು.

“ಅರ್ಧ ಗಂಟೆ ಬಿಡಿ, ಮಷೀನ್‌ನಲ್ಲಿ ಕೆಲಸ ಇದೆ. ಹುರುಳಿಕಾಯಿ ಅಲ್ಲೇ ಇದೆ, ನೋಡಿ.”