ಮಂಟಪಕ್ಕೆಂದು ಬೆಳೆದ ಹುಲ್ಲು

ನಮ್ಮ ಸೋದರಮಾವ ಹುಲ್ಲು ತಿನ್ನುತ್ತಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮರಳೂರಿನ ಅರ್ಧ ಜನಕ್ಕೆ ಆ ಅನುಮಾನವಿತ್ತು! ಹಸುವಿಲ್ಲ, ಎಮ್ಮೆಯಿಲ್ಲ, ಆದರೂ ಹಿತ್ತಿಲ ತುಂಬ ಹುಲ್ಲು. ಎಪ್ಪತ್ತರ ದಶಕದಲ್ಲಿ ಹೂದಾನಿಗೆಂದು ಹುಲ್ಲು ಬೆಳೆಯುವ ಗಂಡಸನ್ನು ಜನ ಇನ್ನೇನೆಂದುಕೊಳ್ಳಬೇಕು ಹೇಳಿ?

ಅಂತರಸನಹಳ್ಳಿಯ ಕಾರ್ಖಾನೆಯಲ್ಲಿ ಫಿಟ್ಟರ್ ಕೆಲಸ. ಭಾನುವಾರ ಬಂತೆಂದರೆ ಸೈಕಲ್ ಹತ್ತಿ ಕೆರೆ ಏರಿಗಳನ್ನೆಲ್ಲ ಸುತ್ತಿ, ಬಿಳಿ ಕುಚ್ಚಿನದು, ಕೆಂಪು ತೆನೆಯದು ಎಂದು ಬುಡಸಮೇತ ಕಿತ್ತು ತಂದು ಹಿತ್ತಿಲಲ್ಲಿ ನೆಡುತ್ತಿದ್ದರು. ಕುಚ್ಚು ಪೂರ್ತಿ ಬಿರಿಯುವ ಮೊದಲೇ ಕೊಯ್ದು, ನೆರಳಲ್ಲಿ ತಲೆಕೆಳಗಾಗಿ ನೇತುಹಾಕಬೇಕು, ಇಲ್ಲದಿದ್ದರೆ ಉದುರುತ್ತದೆ. ಇದು ಅವರ ಶಾಸ್ತ್ರ. ನೇತುಹಾಕುವ ಜಾಗ ಮಾತ್ರ ಅತ್ತೆಯ ಅಡುಗೆಮನೆ!

"ನಾಲ್ಕು ಕನಕಾಂಬರದ ಗಿಡ ಹಾಕ್ರೀ ಅಂದ್ರೆ ಹುಲ್ಲಿಗೆ ನೀರು ಹುಯ್ತವ್ರೆ. ಒಗ್ಗರಣೆ ಹಾಕೋಕೂ ಭಯ ಕಣೇ, ಮನೆ ಹತ್ಕೊಂಡ್ರೆ!" ಎಂದು ಅತ್ತೆ ನನ್ನ ಹತ್ತಿರ ಗೋಳಾಡುತ್ತಿದ್ದರು.

ಮಾವ ನಗುತ್ತಿದ್ದರು. "ನಿನ್ನ ಮದುವೆ ಮಂಟಪಕ್ಕೆ ಕಣವ್ವ ಇದು. ನಾಲ್ಕು ಕಂಬಕ್ಕೂ ನಾನೇ ಕಟ್ತೀನಿ. ಹೂವು ಸಾಯಂಕಾಲಕ್ಕೆ ಬಾಡೋಯ್ತದೆ, ಇದು ಬಾಡಲ್ಲ." ಮಕ್ಕಳಿಲ್ಲದ ಅವರಿಗೆ ಅದೊಂದೇ ಆಸೆ.

ಗುಬ್ಬಿಯ ಛತ್ರದಲ್ಲಿ ನನ್ನ ಮದುವೆ. ಕುಚ್ಚು ಮುರಿಯಬಾರದೆಂದು ಮಾವ ಎರಡು ಹೊರೆಯನ್ನೂ ಎತ್ತಿ ಹಿಡಿದು ತುಮಕೂರಿನಿಂದ ಬಸ್ಸಿನಲ್ಲಿ ನಿಂತೇ ಬಂದರು. "ಸ್ವಾಮಿ, ದನ ಹಿಂದಿನ ಬಸ್ಸಲ್ಲಿ ಬರ್ತಾ ಐತಾ?" ಎಂದನಂತೆ ಕಂಡಕ್ಟರ್. ಮಾವ ತಾವೇ ಹೇಳಿಕೊಂಡು ನಕ್ಕರು. ಕುಣಿಗಲ್ಲಿನಿಂದ ಬಂದಿದ್ದ ಗಂಡಿನ ಕಡೆಯವರೂ ನಕ್ಕರು. ಆ ನಗು ಬೇರೆ. ಹಾಳಾದ ನನ್ನ ನಾಚಿಕೆ! ಮಾವ ಕಾಫಿಗೆ ಹೋದಾಗ ಅಡುಗೆಯವನನ್ನು ಕರೆದು, "ಇದನ್ನ ಹಿತ್ತಿಲಿಗೆ ಹಾಕ್ಬಿಡಿ" ಎಂದೆ. ಹಿತ್ತಿಲಲ್ಲಿ ಛತ್ರದ ಹಸುವಿತ್ತು.

ಮಾವ ಹುಡುಕಿಕೊಂಡು ಹೋಗುವಷ್ಟರಲ್ಲಿ ಒಂದು ಹೊರೆ ಮುಗಿದಿತ್ತು. ಹಾಕಿಸಿದ್ದು ಮದುವಣಗಿತ್ತಿಯೇ ಎಂದು ಅಡುಗೆಯವನು ಹೇಳಿಯೂಬಿಟ್ಟ. "ಹೋಗ್ಲಿ ಬುಡು, ಹಸುವಾದ್ರೂ ಮೆಚ್ಕೊಂತು" ಎಂದು ನಕ್ಕು, ಪಂಕ್ತಿಯಲ್ಲಿ ಬಡಿಸಲು ನಿಂತರು.

ಮರುವರ್ಷ ನನ್ನ ಸೀಮಂತಕ್ಕೆ ಮಾವ, ಅತ್ತೆ ಕುಣಿಗಲ್ಲಿಗೆ ಬಂದರು. ಮಾವನ ಕೈಯಲ್ಲಿ ಬುಟ್ಟಿ ತುಂಬ ಕನಕಾಂಬರ.

"ಇದೆಲ್ಲಿಂದ ಮಾವ?"

"ನಮ್ಮ ಹಿತ್ತಿಲದ್ದೇ ಕಣವ್ವ. ಹುಲ್ಲೆಲ್ಲ ಕಿತ್ತಾಕ್ದೆ. ಈ ಸಲ ನಿಂಗೆ ನಾಚ್ಕೆ ಆಗ್ಬಾರ್ದು ನೋಡು."

ಅತ್ತೆ ದಂಡೆ ಕಟ್ಟಿ ತಂದರು. ನಾನು ತಲೆ ತಗ್ಗಿಸಿ ಕೂತೆ. ಹೂ ಮುಡಿಸಿಕೊಳ್ಳುವುದಕ್ಕೆ ಎಂದುಕೊಂಡರು ಎಲ್ಲರೂ.