ಶ್ರೀಕಾರ ಹಾಕಿದ ಹೋಂಪೇಜು

ಹೋಂಪೇಜು ಮಾಡುವುದೆಂದರೆ ನನಗೆ ಉಪ್ಪಿಟ್ಟು ಕೆದಕಿದಷ್ಟು ಸುಲಭ ಎಂದು ಹೆಂಡತಿ ನಳಿನಿಗೆ ಹೇಳಿದೆ. ನಾನು ಕೆದಕಿದ ಉಪ್ಪಿಟ್ಟು ತಿಂದಿದ್ದ ಅವಳು ಆಗಲೇ ಎಚ್ಚೆತ್ತುಕೊಳ್ಳಬೇಕಿತ್ತು.

ಆಗ ನಾವು ಅಮೆರಿಕದ ವೆಸ್ಟ್ ವಿಂಡ್ಸರ್‌ನಲ್ಲಿದ್ದೆವು. ನನಗೆ ಹಗಲು ಆಫೀಸು, ಸಂಜೆ ಯೂನಿವರ್ಸಿಟಿಯಲ್ಲಿ ಒಂದು ಕೋರ್ಸು. ನಳಿನಿಯ ತಂಗಿ ವಸುಧಾ ನಮ್ಮ ಜೊತೆಗಿದ್ದು ಪ್ರಿನ್ಸ್‌ಟನ್ನಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಳು. ಜೆರಿಕೋ ಎಂಬ ಊರಿನ ಹುಡುಗನೊಬ್ಬ ಅವಳನ್ನು ಒಪ್ಪಿದ್ದ. ಅವಳಂತೂ ಫೋನು ಬಡಿದುಕೊಂಡರೆ ಸಾಕು, ಓಡುತ್ತಿದ್ದಳು. ಬಾಕಿ ಇದ್ದದ್ದು ಜಾತಕವೊಂದೇ. ಅದನ್ನು ಫ್ಯಾಕ್ಸ್ ಮಾಡಿದರೆ ಕಪ್ಪಗೆ ಬಂದು, ಒಂಬತ್ತು ಗ್ರಹಗಳಿಗೂ ಗ್ರಹಣ ಹಿಡಿದಿತ್ತು.

ಯೂನಿವರ್ಸಿಟಿ ನಮಗೆಲ್ಲ ಸರ್ವರ್‌ನಲ್ಲಿ ಪುಕ್ಕಟೆ ಜಾಗ ಕೊಟ್ಟಿದೆ, ಅಲ್ಲೇ ಜಾತಕ ಹಾಕುತ್ತೇನೆ ಎಂದೆ. ಪೋಸ್ಟಿಗೆ ಹಾಕಿದರೆ ಸಾಲದೇ ಎಂದಳು ನಳಿನಿ. ಪಾಪ, ಇಪ್ಪತ್ತನೇ ಶತಮಾನದವಳು!

ಫೋಟೋ, ಜಾತಕ ಎಲ್ಲ ಏರಿಸಿದೆ. ಮೊದಲ ಪುಟಕ್ಕೆ ‘ಇಂಡೆಕ್ಸ್’ ಅಂತಲೇ ಹೆಸರಿಡಬೇಕೆಂದು ಕೈಪಿಡಿಯಲ್ಲಿತ್ತಂತೆ. ಕೈಪಿಡಿ ಓದುವ ವಂಶ ನಮ್ಮದಲ್ಲ. ನಮ್ಮಲ್ಲಿ ದಿನಸಿ ಚೀಟಿಯೂ ಶ್ರೀಕಾರವಿಲ್ಲದೆ ಶುರುವಾಗುವುದಿಲ್ಲ. ಭಕ್ತಿಯಿಂದ ಪುಟಕ್ಕೆ ‘ಶ್ರೀ’ ಎಂದು ಹೆಸರಿಟ್ಟು, ಜೆರಿಕೋಗೆ ವಿಳಾಸ ಕೊಟ್ಟೆ.

ಹುಡುಗನ ತಂದೆ ಫೋನು ಮಾಡಿದರು. ಇದನ್ನು ನೋಡಲು ನಿಮಗೆ ಅನುಮತಿ ಇಲ್ಲ ಅಂತ ಪರದೆಯ ಮೇಲೆ ಬರುತ್ತಿದೆ, ಇಷ್ಟವಿಲ್ಲದಿದ್ದರೆ ಬಾಯಿಬಿಟ್ಟು ಹೇಳಬಹುದಿತ್ತು ಎಂದರು. ವಸುಧಾಳ ಮುಖ ಬಾಡಿತು. ನಾನು ಕಂಪ್ಯೂಟರ್ ಲ್ಯಾಬಿಗೆ ಓಡಿ, ನನ್ನ ಫೋಲ್ಡರಿನಲ್ಲಿದ್ದುದನ್ನೆಲ್ಲ ಲೋಕಕ್ಕೇ ತೆರೆದಿಟ್ಟೆ.

ಆಮೇಲೆ ತಿಳಿದದ್ದು: ‘ಇಂಡೆಕ್ಸ್’ ಪುಟ ಸಿಗದಿದ್ದರೆ ಸರ್ವರ್ ಒಳಗಿರುವ ಫೈಲುಗಳ ಪಟ್ಟಿಯನ್ನೇ ತೋರಿಸುತ್ತದೆ. ಆ ಪಟ್ಟಿಯಲ್ಲಿ ಜಾತಕದ ಕೆಳಗೇ ‘ಜೆರಿಕೋ ಸಂಬಂಧ’ ಎಂಬ ಫೈಲೂ ಇತ್ತು. ಹುಡುಗನ ಮನೆಯಲ್ಲಿ ಊಟ ಮಾಡಿ ಬರುವಾಗ ಕಾರಿನಲ್ಲಿ ನಳಿನಿ ಹೇಳಿದ ಅಭಿಪ್ರಾಯಗಳನ್ನೆಲ್ಲ, ಮೈಸೂರಿನ ಮಾವನವರಿಗೆ ಕಳಿಸಲೆಂದು ನಾನು ಶ್ರದ್ಧೆಯಿಂದ ಟೈಪ್ ಮಾಡಿದ್ದೆ.

ಈ ಸಲ ಫೋನು ಮಾಡಿದ್ದು ಹುಡುಗನ ತಾಯಿ, ಸರೋಜಾ ಆಂಟಿ. ಸ್ಪೀಕರಿನಲ್ಲಿ ನಾವು ಮೂವರೂ ಕೇಳುತ್ತಿದ್ದಂತೆ ನಿಧಾನವಾಗಿ ಓದಿದರು.

“ಹುಡುಗ ಚಿನ್ನ. ತಂದೆ ಸಾಧು. ತಾಯಿ ಜೋರು. ಪುಳಿಯೋಗರೆ ಬಾಯಿಗಿಡೋ ಹಾಗಿಲ್ಲ.”

ನಳಿನಿ ನನ್ನನ್ನು ನೋಡಿದಳು. ವಸುಧಾ ಕಣ್ಣೊರೆಸಿಕೊಳ್ಳುತ್ತಿದ್ದಳು. ನನ್ನ ಒಣಜಂಬಕ್ಕೆ ಈ ಹುಡುಗಿಯ ಮದುವೆ ಮುರಿಯಿತಲ್ಲ!

“ತಪ್ಪಾಯ್ತು ಆಂಟಿ. ಅದನ್ನ ಅಲ್ಲಿಟ್ಟಿದ್ದು ನಾನು. ವಸುಧಾದು ಏನೂ ತಪ್ಪಿಲ್ಲ,” ಎಂದೆ.

ಆ ಕಡೆಯಿಂದ ನಗು ಕೇಳಿಸಿತು.

“ಮೂವತ್ತು ವರ್ಷದಿಂದ ನಮ್ಮನೆಯವರು ಪುಳಿಯೋಗರೆ ಚೆನ್ನಾಗಿದೆ ಅಂತ ಸುಳ್ಳು ಹೇಳ್ಕೊಂಡು ಬಂದಿದಾರೆ. ನಿಜ ಹೇಳೋ ಮನೆ ಹುಡುಗಿ ನಮಗೆ ಬೇಕು ಕಣಮ್ಮ ನಳಿನಿ. ಜಾತಕ ಗೀತಕ ಬಿಡಿ, ಓಲಗ ಊದಿಸೋಣ. ಆದ್ರೆ ಮದುವೇಲಿ ನಿಮ್ಮನೆಯವರಿಗೆ ಕಂಪ್ಯೂಟರ್ ಕೆಲಸ ಮಾತ್ರ ಕೊಡಬೇಡಿ.”

ಹಾಗಾಗಿ ಮದುವೆಯಲ್ಲಿ ನನಗೆ, ಬಹಳ ಯೋಚಿಸಿ, ಬಾಗಿಲಲ್ಲಿ ಪನ್ನೀರು ಚಿಮುಕಿಸುವ ಕೆಲಸ ಕೊಟ್ಟರು. ಕೈಪಿಡಿ ಬೇಡ, ಅನುಮತಿ ಬೇಡ. ಇದನ್ನಾದರೂ ಸರಿಯಾಗಿ ಮಾಡಿಯೇನೆಂದು ಪನ್ನೀರುದಾನಿಯನ್ನು ಉತ್ಸಾಹದಿಂದ ಝಾಡಿಸಿದೆ. ಮುಚ್ಚಳ ಕಳಚಿಕೊಂಡು, ಪನ್ನೀರಷ್ಟೂ ಸರೋಜಾ ಆಂಟಿಯ ಹೊಸ ರೇಷ್ಮೆ ಸೀರೆಯ ಮೇಲೆ ಬಿತ್ತು.