ಮುಖ ನೋಡಿ ಹಾಲು ಕುಡಿಯುವ ಕೂಸು

ಹಳ್ಳಿ ಹಳ್ಳಿ ತಿರುಗಿ ಕೂಸುಗಳಿಗೆ ಲಸಿಕೆ ಹಾಕುವ ನರ್ಸ್ ನಾನು. ಜೇವರ್ಗಿ ಕಡೆ ನನ್ನನ್ನು ಕಂಡರೆ ದೊಡ್ಡವರು ಚಹಾಕ್ಕೆ ಕರೆಯುತ್ತಾರೆ, ಸಣ್ಣವರು ಅಳುತ್ತಾರೆ. ಹಾಲುಗೂಸಿಗೆ ಏನು ತಿಳಿಯುತ್ತದೆ ಅನ್ನುವವರು ಒಂದು ದಿನ ನನ್ನ ಜೊತೆ ಬರಬೇಕು. ಇಜೇರಿ ಹಳ್ಳಿಯ ಈ ಒಂದೇ ಕೂಸು ಸಾಕು.

ತೊಟ್ಟಿಲ ಜಗಳ

ತಾಯಿ ಚೊಚ್ಚಲ ಬಾಣಂತಿ, ತವರಿನಲ್ಲಿದ್ದಳು. ಸೂಜಿ ಹಾಕಿದೆ. ಕೂಸು ಚೂರು ಅತ್ತು, ತಾಯಿಯ ಎದೆಗೆ ಬಾಯಿ ಹಚ್ಚಿತು. ಅಷ್ಟರಲ್ಲಿ ಅತನೂರಿನಿಂದ ಅವಳ ಅತ್ತೆ ಒಳಗೆ ಬಂದರು. ಅಲ್ಲೇ ಇದ್ದ ಹುಡುಗಿಯ ತಾಯಿ ಮುಖ ಬಿಗಿದುಕೊಂಡರು. ಕೂಸು ಹಾಲು ಬಿಟ್ಟಿತು, ಮುಷ್ಟಿ ಕಟ್ಟಿತು, ಮೈ ಸೆಟೆದುಕೊಂಡಿತು.

"ಹೆಸರಿಡೋ ದಿನ ತೊಟ್ಟಿಲ ಆ ಕಡಿ ನಮ್ಮವ್ವ, ಈ ಕಡಿ ನಮ್ಮತ್ತಿ ನಿಂತು ಒದರ‍್ಯಾಡಿದ್ರು ರೀ ಸಿಸ್ಟರ್. ಇಬ್ರಿಗೂ ತಮ್ಮ ಕಡಿ ಹೆಸರೇ ಬೇಕಾಗಿತ್ತು. ಅವತ್ತಿಂದ ಮಾತಿಲ್ಲ," ಅಂದಳು ಹುಡುಗಿ.

ಬೀಗತಿಯರನ್ನು ಕಂಡು ಅಷ್ಟು ಹೆದರಿದ ಕೂಸು, ಸೂಜಿ ಚುಚ್ಚಿದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನನ್ನ ಸರ್ವಿಸ್ಸಿನಲ್ಲೇ ಇಂಥ ಅವಮಾನ ಆಗಿರಲಿಲ್ಲ!

ಎರಡು ದೃಷ್ಟಿ

ಮುಂದಿನ ಸಲ ಹೋದಾಗಲೂ ಅತ್ತೆ ಬಂದಿದ್ದರು. ಹುಡುಗಿ ಕಣ್ಣೀರು ಹಾಕುತ್ತಿದ್ದಳು. "ಇಬ್ರೂ ಒಂದೇ ಕೋಣ್ಯಾಗ ಕುಂತ್ರ ಹಾಲ ಕುಡ್ಯಾಂಗಿಲ್ರಿ. ತೂಕನೂ ಏರವಲ್ದು."

ಅಜ್ಜಿಯರಿಗೆ ಮಾತ್ರ ಅದು ದೃಷ್ಟಿ. ಒಬ್ಬರು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. "ಅವರು ದೃಷ್ಟಿ ತೆಗ್ದಿದ್ದು ನಡಿಯಾಂಗಿಲ್ಲ" ಎಂದು ಇನ್ನೊಬ್ಬರು ಮತ್ತೊಮ್ಮೆ ಹಾಕಿದರು. ಮನೆ ತುಂಬ ಘಾಟು. ಕೊನೆಗೆ ಕೆಮ್ಮಿನ ಔಷಧ ಕೊಟ್ಟೆ, ಕೂಸಿಗಲ್ಲ, ಇಬ್ಬರು ಅಜ್ಜಿಯರಿಗೆ.

ನಗೆಯ ಮದ್ದು

ಮೂರನೇ ಸೂಜಿಯ ದಿನ ನನಗೂ ಸಿಟ್ಟು ಬಂತು. ಕೂಸು ಬಡವಾಗಿತ್ತು. "ದೃಷ್ಟಿ ಅಲ್ರೀ, ನಿಮ್ಮ ಮುಖ! ಕೂಸಿನ ಮುಂದ ಇಬ್ರೂ ಕುಂತು ನಗ್ರಿ," ಅಂದೆ.

ಕುಳಿತರು. ಹಲ್ಲು ಕಿರಿದರು. ಕೂಸು ಇಬ್ಬರನ್ನೂ ನೋಡಿತು, ತುಟಿ ಸೊಟ್ಟ ಮಾಡಿತು, ಕಿಟಾರನೆ ಕಿರುಚಿತು.

ಅತನೂರಿನ ಅಜ್ಜಿ ಬೀಗತಿಯ ಕಡೆ ತಿರುಗಿ, "ಕೂಸಿಂದೇನ್ ತಪ್ಪಿಲ್ರಿ. ನಿಮ್ಮ ನಗಿ ನೋಡಿ ನಂಗೂ ಅಂಜಿಕಿ ಬಂತು," ಅಂದರು.

"ನಿಮ್ದೇನ್ ಭಾಳ ಚಂದ ಇತ್ತೇನ್ರಿ?" ಅಂದರು ಇಜೇರಿ ಅಜ್ಜಿ.

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಕೂಸಿನ ಮುಷ್ಟಿ ಮೆಲ್ಲಗೆ ಬಿಚ್ಚಿತು. ಗಟಗಟ ಹಾಲು ಕುಡಿಯತೊಡಗಿತು. ನನ್ನ ಕಣ್ಣೂ ಒದ್ದೆಯಾಯಿತು.

"ನನ್ನ ನಗಿ ನೋಡೇ ಕುಡೀತು," ಅಂದರು ಒಬ್ಬರು. "ಇಲ್ರಿ, ನಂದು ನೋಡಿ," ಅಂದರು ಇನ್ನೊಬ್ಬರು.

ಹುಡುಗಿ ಕೈ ಮುಗಿದಳು: "ಜಗಳ ಆಡ್ರಿ, ಬ್ಯಾಡ ಅನ್ನಾಂಗಿಲ್ಲ. ಹಿಂಗೇ ನಕ್ಕೋತ ಆಡ್ರಿ. ಕೂಸು ಇನ್ನೊಂದು ಎದಿ ಹಾಲು ಕುಡಿಯೋದು ಬಾಕಿ ಅದ!"